ಆಟೋ ಸಾಕಾ, ಮ್ಯಾನುಯಲ್ ಬೇಕಾ?

ಬೀರುವಿನ ಮೂಲೆಯಲ್ಲಿ ಮಲಗಿದ್ದ ಪುಟ್ಟ ಡಿಜಿಟಲ್ ಕ್ಯಾಮೆರಾಗಳು ಈಗ ಮತ್ತೆ ಹೊರಗೆ ಬರುತ್ತಿವೆ. ಅಪ್ಪ ಕೊಂಡಿದ್ದನ್ನು ಕಾಲೇಜಿಗೆ ಹೋಗುವ ಮಗಳು ಚಾರ್ಜ್‌ಗೆ ಹಾಕುತ್ತಾಳೆ. ಮೇಲಿನ ಚಕ್ರ ತಿರುಗಿಸುತ್ತಾಳೆ, ಅಷ್ಟೊಂದು ಅಕ್ಷರ ನೋಡಿ ಗಾಬರಿಯಾಗಿ ಮತ್ತೆ ಆಟೋಗೇ ತಂದು ನಿಲ್ಲಿಸುತ್ತಾಳೆ. ಅದೇನು ತಪ್ಪಲ್ಲ. ಹಗಲು ಬೆಳಕಿನಲ್ಲಿ ಮನೆಮಂದಿ ನಗುತ್ತಾ ನಿಂತಿದ್ದರೆ ಆಟೋ ಮಾಡುವಷ್ಟು ಚುರುಕಾಗಿ ನಾವು ಲೆಕ್ಕ ಹಾಕಲಾರೆವು. ಅದಕ್ಕೆ ತಿಳಿಯದ ಕೆಲವು ವಿಷಯ ಇವೆ, ಅಲ್ಲಿ ಮಾತ್ರ ಕೈಹಾಕಿದರೆ ಸಾಕು.

ಮೊದಲು ಚಕ್ರವನ್ನು 'ಪಿ'ಗೆ ತನ್ನಿ. ಇದೂ ಹೆಚ್ಚುಕಡಿಮೆ ಆಟೋನೇ. ಶಟರ್ ವೇಗ (ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕು) ಮತ್ತು ಅಪರ್ಚರ್ (ಬೆಳಕು ಬರುವ ಕಿಂಡಿ ಎಷ್ಟು ಅಗಲ ಇರಬೇಕು) ಎರಡನ್ನೂ ಕ್ಯಾಮೆರಾನೇ ನೋಡಿಕೊಳ್ಳುತ್ತದೆ. ಆದರೆ ಫ್ಲ್ಯಾಶ್, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ), ಬೆಳಕಿನ ಹೆಚ್ಚುಕಡಿಮೆ ನಿಮ್ಮ ಕೈಗೆ ಬರುತ್ತವೆ. ನನ್ನ ಮಟ್ಟಿಗೆ ನೂರರಲ್ಲಿ ತೊಂಬತ್ತು ಫೋಟೊಗೆ ಇಷ್ಟೇ ಸಾಕು.

ಆಮೇಲೆ ಹಿಂಬದಿಯಲ್ಲಿ ಪ್ಲಸ್-ಮೈನಸ್ ಗುರುತಿನ ಗುಂಡಿ ಹುಡುಕಿ. ಇಡೀ ಕ್ಯಾಮೆರಾದಲ್ಲಿ ಕಲಿಯಲೇಬೇಕಾದ ಗುಂಡಿ ಯಾವುದು ಅಂದರೆ ಇದೇ. ಕ್ಯಾಮೆರಾದ ಮೀಟರ್ ಎದುರಿಗಿರುವುದನ್ನೆಲ್ಲ ನಡುಮಟ್ಟದ ಬೂದು ಬಣ್ಣ ಅಂದುಕೊಂಡು ಬೆಳಕು ಅಳೆಯುತ್ತದೆ. ಮದುವೆ ಮನೆಯಲ್ಲಿ ಬಿಳಿ ಪಂಚೆ, ಬಿಳಿ ಶರಟಿನ ಹತ್ತು ಜನ ಸಾಲಾಗಿ ನಿಂತರೆ 'ಬೆಳಕು ಜಾಸ್ತಿಯಾಯ್ತು' ಅಂತ ಕಡಿಮೆ ಮಾಡಿಬಿಡುತ್ತದೆ. ಪಂಚೆ ಮಾಸಿದಂತೆ, ಮುಖ ಕಪ್ಪಾಗಿ ಬರುತ್ತದೆ. ಅಲ್ಲಿ ಪ್ಲಸ್ 2/3 ಅಥವಾ ಪ್ಲಸ್ 1 ಕೊಡಿ. ಹಳೇಬೀಡಿನ ಕಪ್ಪು ಶಿಲ್ಪಗಳ ಮುಂದೆ ಇದರ ಉಲ್ಟಾ. ಕಲ್ಲು ತೊಳೆದಿಟ್ಟಂತೆ ಪೇಲವವಾಗಿ ಕಾಣುತ್ತದೆ. ಮೈನಸ್ 2/3 ಕೊಟ್ಟು ನೋಡಿ, ಕೆತ್ತನೆಯ ಆಳ ವಾಪಸ್ ಬರುತ್ತದೆ. ಬಿಳಿಗೆ ಪ್ಲಸ್, ಕಪ್ಪಿಗೆ ಮೈನಸ್. ಕೇಳಲು ತಿರುಗುಮುರುಗು ಅನಿಸುತ್ತದೆ, ಅಲ್ವಾ? ಎರಡು ದಿನ ಮಾಡಿದರೆ ಬೆರಳಿಗೇ ಅಭ್ಯಾಸವಾಗುತ್ತದೆ.

ಐಎಸ್‌ಒ ವಿಷಯ ಚಿಕ್ಕದು. ಇಂಥ ಕ್ಯಾಮೆರಾಗಳಲ್ಲಿ ಬೆಳಕು ಹಿಡಿಯುವ ಸೆನ್ಸರ್ ಸಾಮಾನ್ಯವಾಗಿ ಕಿರುಬೆರಳಿನ ಉಗುರಿನಷ್ಟು, ಹಾಗಾಗಿ ಐಎಸ್‌ಒ ತೀರಾ ಏರಿಸಬಾರದು. ಬಿಸಿಲಲ್ಲಿ 100, ಮನೆಯೊಳಗೆ 400, ಕೈಲಾಗದಿದ್ದರೆ 800. ಅದಕ್ಕಿಂತ ಮೇಲೆ ಹೋದರೆ ಚಿತ್ರದ ತುಂಬ ಮರಳು ಚೆಲ್ಲಿದಂತೆ ಕಾಣುತ್ತದೆ. ಒಳಗಡೆ ತೆಗೆಯುವಾಗ ಜೂಮ್ ಮಾಡಬೇಡಿ, ನಾಲ್ಕು ಹೆಜ್ಜೆ ಮುಂದೆ ಹೋಗಿ. ಜೂಮ್ ಮಾಡಿದಷ್ಟೂ ಹೆಚ್ಚಿನ ಲೆನ್ಸ್‌ಗಳು ಒಳಗೆ ಬಿಡುವ ಬೆಳಕು ಕಡಿಮೆಯಾಗುತ್ತದೆ.

ಇನ್ನು 'ಎಂ', ಅಂದರೆ ಪೂರ್ತಿ ಮ್ಯಾನುಯಲ್. ಬೆಳಕು ಬದಲಾಗುತ್ತಿಲ್ಲ, ಆದರೂ ಕ್ಯಾಮೆರಾ ಒಂದೊಂದು ಸಲ ಒಂದೊಂದು ಥರ ಅಳೆಯುತ್ತಿದೆ ಅನ್ನುವಾಗ ಇದು ಬೇಕು. ಭಾನುವಾರ ಸಂಜೆ ದೀಪ ಹಚ್ಚಿದ ಮೈಸೂರು ಅರಮನೆಯನ್ನೇ ತೆಗೆದುಕೊಳ್ಳಿ. ಒಂದು ಲಕ್ಷಕ್ಕೆ ಹತ್ತಿರದಷ್ಟು ಬಲ್ಬು, ಸುತ್ತ ಕಪ್ಪು ಆಕಾಶ. ಆಕಾಶ ಜಾಸ್ತಿ ಬಂದರೆ ಅರಮನೆ ಬೆಳ್ಳಗೆ ಸುಟ್ಟುಹೋಗುತ್ತದೆ, ಅರಮನೆ ತುಂಬಿಕೊಂಡರೆ ಮಂಕಾಗುತ್ತದೆ. ಆಟೋದಲ್ಲಿದ್ದರೆ ಫ್ಲ್ಯಾಶ್ ಬೇರೆ ಹೊಡೆಯುತ್ತದೆ. ಪುಟ್ಟ ಫ್ಲ್ಯಾಶಿನ ಬೆಳಕು ಮೂರು-ನಾಲ್ಕು ಮೀಟರ್ ದಾಟುವುದಿಲ್ಲ. ಮುಂದೆ ನಿಂತವರ ತಲೆ ಮಾತ್ರ ಚೆನ್ನಾಗಿ ಬೆಳಗುತ್ತದೆ!

ಹೀಗೆ ಮಾಡಿ. ಫ್ಲ್ಯಾಶ್ ಆರಿಸಿ. ಐಎಸ್‌ಒ 100, ಅಪರ್ಚರ್ ಎಫ್ 4 (ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು), ಶಟರ್ ಕಾಲು ಸೆಕೆಂಡ್ ಇಟ್ಟು ಒಂದು ತೆಗೆಯಿರಿ. ಬಲ್ಬುಗಳು ಒಂದಕ್ಕೊಂದು ಅಂಟಿಕೊಂಡು ಕಂಡರೆ ಶಟರ್ ಅನ್ನು 1/8ಕ್ಕೆ ತನ್ನಿ, ಕತ್ತಲೆನಿಸಿದರೆ ಅರ್ಧ ಸೆಕೆಂಡಿಗೆ ಏರಿಸಿ. ಕೈ ನಡುಗುತ್ತದೆ, ಹಾಗಾಗಿ ಕ್ಯಾಮೆರಾವನ್ನು ಕಟ್ಟೆಯ ಮೇಲೋ ಬ್ಯಾಗಿನ ಮೇಲೋ ಇಟ್ಟು 2 ಸೆಕೆಂಡಿನ ಟೈಮರ್ ಹಾಕಿ. ಚಿತ್ರದ ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋ ಬದಲು ಸೂರ್ಯನ ಗುರುತಿಗೆ ಇಡಿ, ದೀಪದ ಹೊಂಬಣ್ಣ ಹಾಗೇ ಉಳಿಯುತ್ತದೆ. ಫೋಕಸ್ ಬಗ್ಗೆ ಹೆದರಬೇಡಿ, 'ಎಂ'ನಲ್ಲೂ ಅದನ್ನು ಕ್ಯಾಮೆರಾನೇ ಮಾಡಿಕೊಳ್ಳುತ್ತದೆ. ಒಮ್ಮೆ ಲೆಕ್ಕ ಸಿಕ್ಕಿದ ಮೇಲೆ ಎತ್ತ ತಿರುಗಿಸಿದರೂ ಅರಮನೆ ಒಂದೇ ಥರ ಬರುತ್ತದೆ.

'ಪಿ', 'ಎಂ' ನಡುವೆ ಇನ್ನೆರಡು ಅಕ್ಷರ ಇವೆ: ಅಪರ್ಚರ್ ಮಾತ್ರ ನೀವು ಆರಿಸುವ 'ಎ' (ಅಥವಾ 'ಎವಿ'), ಶಟರ್ ವೇಗ ಮಾತ್ರ ನೀವು ಆರಿಸುವ 'ಎಸ್' (ಅಥವಾ 'ಟಿವಿ'). ಅಪರ್ಚರ್‌ನದ್ದು ಈ ಸೈಜಿನ ಸೆನ್ಸರಿಗೆ ಅಷ್ಟಾಗಿ ಉಪಯೋಗವಿಲ್ಲ, ಹಿನ್ನೆಲೆ ಹೇಗೂ ಸ್ಪಷ್ಟವಾಗಿಯೇ ಇರುತ್ತದೆ. ಶಟರ್‌ನದ್ದು ಬೇಕು. ಓಡುವ ಮಗುವಿಗೆ 1/500. ಜೋಗದ ನೀರು ಹಾಲಿನಂತೆ ಕಾಣಬೇಕಾದರೆ ಕಾಲು ಸೆಕೆಂಡ್. ಆದರೆ ಮಧ್ಯಾಹ್ನದ ಬಿಸಿಲಲ್ಲಿ ಆ ಆಸೆ ಬಿಡಿ. ಹೆಚ್ಚಿನ ಪುಟ್ಟ ಕ್ಯಾಮೆರಾಗಳ ಅಪರ್ಚರ್ ಎಫ್ 8ಕ್ಕಿಂತ ಕಿರಿದಾಗುವುದಿಲ್ಲ. ಐಎಸ್‌ಒ 100ರಲ್ಲೂ ಸರಿಯಾದ ಶಟರ್ 1/400ರ ಆಸುಪಾಸು ಇರುತ್ತದೆ. ಹಟ ಹಿಡಿದು ನಿಧಾನ ಮಾಡಿದರೆ ಪರದೆಯ ಮೇಲೆ ಅಂಕಿ ಕೆಂಪಾಗುತ್ತದೆ, ಚಿತ್ರ ಪೂರ್ತಿ ಬಿಳಿ. ಮೋಡ ಕವಿದ ಬೆಳಗಿನ ಜಾವ ಹೋಗಿ. ಮೆನುವಿನಲ್ಲಿ ಎನ್‌ಡಿ ಫಿಲ್ಟರ್ (ಒಳಗೆ ಬರುವ ಬೆಳಕನ್ನು ತಗ್ಗಿಸುವ ಸೌಲಭ್ಯ) ಇದ್ದರೆ ಆನ್ ಮಾಡಿ.

ಮನೆಗೆ ಹೊರಡುವ ಮೊದಲು ಚಕ್ರವನ್ನು 'ಪಿ'ಗೆ ತಿರುಗಿಸಿ, ಪ್ಲಸ್-ಮೈನಸ್ ಸೊನ್ನೆಗೆ, ವೈಟ್ ಬ್ಯಾಲೆನ್ಸ್ ಆಟೋಗೆ ತನ್ನಿ. ನಾನು ಒಮ್ಮೆ ಅರಮನೆಯ ಸೆಟ್ಟಿಂಗ್ ಹಾಗೇ ಬಿಟ್ಟು ಮರುದಿನ ಬೆಟ್ಟ ಹತ್ತಿದ್ದೆ. ಬಿಸಿಲಿಗೆ ಪರದೆ ಸರಿಯಾಗಿ ಕಾಣಲಿಲ್ಲ, ಸುಮ್ನೆ ಒತ್ತುತ್ತಾ ಹೋದೆ. ಮನೆಗೆ ಬಂದು ನೋಡಿದರೆ ಎಲ್ಲವೂ ಖಾಲಿ ಹಾಳೆ.