ಟರ್ಬೊ ಹಾಕುವ ಮೊದಲು ಎಣ್ಣೆಗೆ ದಾರಿ ಮಾಡಿ

ಕಳೆದ ಮಳೆಗಾಲದಲ್ಲಿ ಕಾಸರಗೋಡಿನ ಪೆರ್ಲ ಕಡೆಯ ಹುಡುಗನೊಬ್ಬ, ಹೊರಗಿನಿಂದ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಜಾಸ್ತಿ ಗಾಳಿ ತುಂಬುವ ಯಂತ್ರ) ಹಾಕಿಸಿದ್ದ ತನ್ನ ಹಳೆಯ ಸ್ವಿಫ್ಟ್ ಪೆಟ್ರೋಲ್ ಕಾರನ್ನು ಪಿಕಪ್‌ಗೆ ಕಟ್ಟಿ ಎಳೆದುಕೊಂಡು ಬಂದಿದ್ದ. ಸ್ಟಾರ್ಟ್ ಮಾಡಿದರೆ ಅಂಗಳ ತುಂಬಾ ನೀಲಿ ಹೊಗೆ. ಎರಡು ಟರ್ಬೊ ಬದಲಾಯಿಸಿ ಆಗಿತ್ತು, ಮೂರನೆಯದಕ್ಕೆ ದುಡ್ಡು ಹೊಂದಿಸುತ್ತಿದ್ದ. ಬಿಚ್ಚಿ ನೋಡಿದರೆ ಟರ್ಬೊ ಚೆನ್ನಾಗಿಯೇ ಇತ್ತು. ಎಣ್ಣೆ ಕೆಳಗಿಳಿಯುವ ಪೈಪ್ ತಪ್ಪಾಗಿತ್ತು. ಇದೇ ತಪ್ಪನ್ನು ಮತ್ತೆ ಮತ್ತೆ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿಕೊಟ್ಟದ್ದನ್ನು ನಮಗೆ ಬೇಕಾದ ಹಾಗೆ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಬೀಳಬಹುದು, ಆರು ತಿಂಗಳವರೆಗೆ ಜೈಲೂ ಆಗಬಹುದು. ಹಾಗಾಗಿ ಹೀಗೆ ಟರ್ಬೊ ಹಾಕುವುದು ರೇಸ್ ಮೈದಾನಕ್ಕೆ ಲಾರಿಯಲ್ಲಿ ಹೋಗಿ ಬರುವ ಕಾರಿಗೆ ಮಾತ್ರ. ಮನೆಮಂದಿ ಕೂತು ಓಡಾಡುವ ಕೆಎಲ್ 14 ನಂಬರಿನ ಕಾರಿಗೆ ಖಂಡಿತ ಬೇಡ.

ಎಂಜಿನ್ ಗಟ್ಟಿಯಾಗಿರಬೇಕು. ನಾಲ್ಕೂ ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗೆ ಗಾಳಿ ಒತ್ತಿ ಹಿಡಿಯುವ ಶಕ್ತಿ, ಅಳೆಸಿ. ಒಂದರಲ್ಲಿ ಕಡಿಮೆ ಬಂದರೂ ಮೊದಲು ಅದನ್ನು ಸರಿಮಾಡಿಸಿ.

ಟರ್ಬೊ ಗುಜರಿಯದ್ದೇ ಸಾಕು. 1.3 ಲೀಟರ್ ಡೀಸೆಲ್ ಕಾರಿನ ಚಿಕ್ಕ ಟರ್ಬೊ ಸ್ವಿಫ್ಟ್ ಗಾತ್ರದ ಪೆಟ್ರೋಲ್ ಎಂಜಿನ್‌ಗೆ ಹೊಂದುತ್ತದೆ. ಅದರ ನಡುವಿನ ತಿರುಗುವ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲುಗಾಡಿಸಿ ನೋಡಿ. ಅಡ್ಡಕ್ಕೆ ಸ್ವಲ್ಪ ಆಟ ಇದ್ದರೆ ಪರವಾಗಿಲ್ಲ. ಹಿಂದೆ ಮುಂದೆ ಆಡಿದರೆ ಅಲ್ಲೇ ಬಿಟ್ಟು ಬನ್ನಿ. ಆನ್‌ಲೈನಿನಲ್ಲಿ ಸಿಗುವ ಹೆಸರಿಲ್ಲದ ಹೊಸ ಟರ್ಬೊಗಿಂತ ಹಳೆಯ ಅಸಲಿಯೇ ಮೇಲು. 'ಎಲೆಕ್ಟ್ರಿಕ್ ಟರ್ಬೊ' ಅಂತ ಮಾರುವ 12 ವೋಲ್ಟಿನ ಫ್ಯಾನಿಗೆ ಮಾತ್ರ ಒಂದು ರೂಪಾಯಿಯೂ ಹಾಕಬೇಡಿ. ಒಂದು ವಿಷಯ ನೆನಪಿರಲಿ, ಪೆಟ್ರೋಲ್ ಎಂಜಿನ್ನಿನ ಹೊಗೆ ಡೀಸೆಲ್‌ಗಿಂತ ಜಾಸ್ತಿ ಬಿಸಿ, 900 ಡಿಗ್ರಿ ದಾಟುತ್ತದೆ. ಡೀಸೆಲ್ ಟರ್ಬೊವನ್ನು ಒಂದೇ ಸಮನೆ ಒತ್ತಿ ಓಡಿಸಬಾರದು.

ಎಂಜಿನ್ನಿನ ಹೊಗೆಯನ್ನು ಟರ್ಬೊಗೆ ಮುಟ್ಟಿಸುವ ಮ್ಯಾನಿಫೋಲ್ಡ್ ಪೈಪಿನ ಕೆಲಸವನ್ನು ಒಳ್ಳೆಯ ವೆಲ್ಡರ್‌ಗೆ ಬಿಡಿ.

ಇನ್ನು ಎಣ್ಣೆ. ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕಿಂತ ಜಾಸ್ತಿ ಸುತ್ತು ತಿರುಗುತ್ತದೆ, ಅದೂ ತೆಳ್ಳನೆಯ ಎಣ್ಣೆಯ ಪದರದ ಮೇಲೆ. ಎಣ್ಣೆ ಒಳಗೆ ಹೋಗುವುದು ಪಂಪಿನ ಒತ್ತಡದಿಂದ. ಹೊರಗೆ ಬರುವಾಗ ಒತ್ತಡ ಇರುವುದಿಲ್ಲ, ನೊರೆ ನೊರೆಯಾಗಿ ತನ್ನ ಭಾರಕ್ಕೆ ತಾನೇ ಇಳಿಯಬೇಕು. ನಮ್ಮಲ್ಲಿ ಗುಡ್ಡ ಕೊರೆದ ಸುರಂಗದ ನೀರನ್ನು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ತೋಟಕ್ಕೆ ತಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಂಬೆ ಒಂದು ಕಡೆ ತಗ್ಗಿದರೆ ನೀರು ಅಲ್ಲೇ ನಿಲ್ಲುತ್ತದೆ, ಹಿಂದಿನಿಂದ ತುಂಬಿ ಹೊರಗೆ ಚೆಲ್ಲುತ್ತದೆ. ಇಲ್ಲಿ ಚೆಲ್ಲುವ ಜಾಗ ಎಣ್ಣೆ ತಡೆಯುವ ಟರ್ಬೊದ ಸೀಲ್. ಅದೇ ಆ ನೀಲಿ ಹೊಗೆ.

ಆದ್ದರಿಂದ ಇಳಿಯುವ ಪೈಪಿನ ಒಳ ಅಗಲ ಕನಿಷ್ಠ 16 ಮಿಲಿಮೀಟರ್ ಇರಲಿ. ಮೇಲಿನಿಂದ ಕೆಳಗಿನವರೆಗೆ ಇಳಿಜಾರಾಗಿಯೇ ಬರಲಿ, ಎಲ್ಲೂ ಜೋತು ಬೀಳಬಾರದು. ಎಂಜಿನ್ನಿನ ತಳದ ಎಣ್ಣೆ ಪಾತ್ರೆಗೆ, ಅಂದರೆ ಸಂಪ್‌ಗೆ, ಸೇರುವ ತೂತು ಎಣ್ಣೆಯ ಮಟ್ಟಕ್ಕಿಂತ ಮೇಲೆ ಇರಬೇಕು. ಆ ಹುಡುಗನ ಕಾರಿನಲ್ಲಿ ಕೆಳಗೆ ಇತ್ತು. ಜೊತೆಗೆ ಪೈಪಿನ ಬದಲು ರೇಡಿಯೇಟರ್ ಹೋಸ್ ಹಾಕಿದ್ದರು. ಎಣ್ಣೆ ಕುಡಿದು ಕುಡಿದು ಅದು ಒಳಗಡೆ ಉಬ್ಬಿತ್ತು. ಕತ್ತರಿಸಿ ನೋಡಿದರೆ ನನ್ನ ಕಿರುಬೆರಳು ಕೂಡ ತೂರಲಿಲ್ಲ. ಕಬ್ಬಿಣದ ಪೈಪನ್ನೇ ಬಾಗಿಸಿ, ಕೊನೆಗೆ ಮಾತ್ರ ಎಣ್ಣೆ ತಡೆಯುವ ಹೋಸಿನ ಗಿಡ್ಡ ತುಂಡು ಹಾಕಿ. ತೂತು ಕೊರೆಯಲು ಸಂಪ್ ಬಿಚ್ಚಲೇಬೇಕು. ಬಿಚ್ಚದೆ ಕೊರೆದರೆ ಲೋಹದ ಪುಡಿ ಒಳಗೇ ಉಳಿಯುತ್ತದೆ. ಗ್ಯಾಸ್ಕೆಟ್ ಜಾಗಕ್ಕೆ ಸುಮ್ನೆ ಸಿಲಿಕಾನ್ ಪೇಸ್ಟ್ ಮೆತ್ತುವುದೂ ಬೇಡ. ಅದರ ಒಂದು ಚೂರು ಕಿತ್ತುಬಂದರೆ ಎಣ್ಣೆಯ ದಾರಿಯೇ ಮುಚ್ಚಿಹೋಗುತ್ತದೆ.

ಟರ್ಬೊ ತುಂಬುವ ಗಾಳಿಯ ಒತ್ತಡ 0.4 ಬಾರ್ ಮೀರದಿರಲಿ, ಪಿಸ್ಟನ್ ಕಂಪನಿಯದ್ದೇ ಅಲ್ವಾ. ಪೆಟ್ರೋಲ್ ಚಿಮ್ಮಿಸುವ ಹೊಸ ಇಂಜೆಕ್ಟರ್, ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು ಬೇರೆಯದು, ಹೊಗೆಯಿಂದ ಗಾಳಿ-ಪೆಟ್ರೋಲ್ ಪ್ರಮಾಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್, ಮೂರೂ ಬೇಕು. ಬಜೆಟ್ ಅಂತ ಇಲ್ಲಿ ಉಳಿಸಲು ಹೋಗಬೇಡಿ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ತೂಕದಲ್ಲಿ ಗಾಳಿ ಪೆಟ್ರೋಲಿನ 12 ಪಟ್ಟಿನ ಆಸುಪಾಸಿನಲ್ಲಿ ನಿಲ್ಲಬೇಕು. ಪೆಟ್ರೋಲ್ ಕಡಿಮೆಯಾಗಿ ನಾಕಿಂಗ್ (ಸಿಲಿಂಡರಿನೊಳಗೆ ಪೆಟ್ರೋಲ್ ತಾನಾಗಿ ಸಿಡಿಯುವುದು) ಶುರುವಾದರೆ ಪಿಸ್ಟನ್ ಒಡೆಯಲು ಜಾಸ್ತಿ ಹೊತ್ತು ಬೇಡ. ಟ್ಯೂನಿಂಗನ್ನು ಅಳೆದು ಮಾಡುವವರ ಕೈಯಲ್ಲೇ ಮಾಡಿಸಿ, ಶಬ್ದ ಕೇಳಿ ಮಾಡುವವರ ಹತ್ತಿರ ಬೇಡ.

ಏರ್ ಫಿಲ್ಟರನ್ನು ಬಂಪರಿನ ಕೆಳಗೆ ತರಬೇಡಿ. ಬೇಸಿಗೆಯಲ್ಲಿ ಮುರಕಲ್ಲಿನ ಧೂಳು, ಜೂನ್ ಬಂದರೆ ಗುಂಡಿಯ ನೀರು, ಎರಡನ್ನೂ ಅದು ಎಳೆದುಕೊಳ್ಳುತ್ತದೆ.

ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಟರ್ಬೊದ ಎಣ್ಣೆ ತೂತಿಗೆ ಸ್ವಲ್ಪ ಎಣ್ಣೆ ಹೊಯ್ದು, ಶಾಫ್ಟನ್ನು ಕೈಯಲ್ಲೇ ತಿರುಗಿಸಿ. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆಯಿರಿ. ಇಳಿಯುವ ಪೈಪಿನ ಕೆಳತುದಿ ಬಿಚ್ಚಿ ಒಂದು ಡಬ್ಬಿ ಹಿಡಿದು, ಸೆಲ್ಫ್ ಹೊಡೆಯಿರಿ, ಒಮ್ಮೆಗೆ ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಡ. ಡಬ್ಬಿಗೆ ಎಣ್ಣೆ ಧಾರೆಯಾಗಿ ಬೀಳುವವರೆಗೆ ಫ್ಯೂಸ್ ವಾಪಸ್ ಹಾಕಬೇಡಿ.