'ಅಲೋ' (Allow) ಒತ್ತಿದರೂ ಬಾರದ ನೋಟಿಫಿಕೇಶನ್: ಪ್ರೊಫೈಲ್ ಬಿಚ್ಚಿ ನೋಡಿದ ನನ್ನ ಅನುಭವ

ಅಡಿಕೆ ದರ ತಿಳಿಸುವ ಒಂದು ಆ್ಯಪ್ ಮಾಡುತ್ತಿದ್ದೆವು. ದರ ಬದಲಾದ ಕೂಡಲೇ ಬೆಳೆಗಾರರ ಫೋನಿಗೆ ನೋಟಿಫಿಕೇಶನ್ ಹೋಗಬೇಕು, ಆ್ಯಪಿನ ಜೀವಾಳವೇ ಅದು. ನನ್ನ ಮೇಜಿನ ಮೇಲಿದ್ದ ಐಫೋನಿಗೆ ಚೆನ್ನಾಗಿಯೇ ಬರುತ್ತಿತ್ತು. ಪರೀಕ್ಷೆಗೆಂದು ಆಡ್ ಹಾಕ್ ಬಿಲ್ಡ್ (ಆ್ಯಪ್ ಸ್ಟೋರ್ ಬಳಸದೆ, ಮೊದಲೇ ಹೆಸರಿಸಿದ ಫೋನುಗಳಿಗಷ್ಟೇ ಕೊಡುವ ಆ್ಯಪಿನ ಪ್ರತಿ) ಕಳಿಸಿದ ಆರು ಐಫೋನುಗಳಲ್ಲಿ ಒಂದಕ್ಕೂ ಬರಲಿಲ್ಲ.

ಎರಡು ದಿನ ನಾನು ಹುಡುಕಿದ್ದೇ ಬೇರೆ ಕಡೆ. "ಅಲೋ ಒತ್ತಿದ್ರಾ?" ಎಂದು ಎಲ್ಲರನ್ನೂ ಕೇಳಿದೆ. ಒತ್ತಿದ್ದರು. ಸೆಟ್ಟಿಂಗ್ಸ್‌ನಲ್ಲೂ ಆನ್ ಇತ್ತು. ಆದರೆ ಇಲ್ಲಿ ಅನುಮತಿ ಎರಡು ಬಗೆಯದು. ಬಳಕೆದಾರರು ಕೊಡುವುದು ಸಂದೇಶ ತೋರಿಸಲು, ಸದ್ದು ಮಾಡಲು, ಐಕಾನಿನ ಮೇಲೆ ಸಂಖ್ಯೆ ಹಾಕಲು. ಸಂದೇಶ ತಲುಪಿಸುವ ಆಪಲ್‌ನ ಪುಶ್ ಸೇವೆಯಿಂದ ಟೋಕನ್, ಅಂದರೆ ಆ ಫೋನಿನಲ್ಲಿರುವ ಆ್ಯಪಿನ ವಿಳಾಸ, ಪಡೆಯುವ ಹಕ್ಕು ಬೇರೆ. ಅದು ಎಪಿಎಸ್-ಎನ್ವಿರಾನ್‌ಮೆಂಟ್ ಎಂಬ ಎಂಟೈಟಲ್‌ಮೆಂಟ್ (ಆ್ಯಪಿಗೆ ಕೊಟ್ಟ ಹಕ್ಕಿನ ನಮೂದು) ಆಗಿ ಆ್ಯಪಿನ ಡಿಜಿಟಲ್ ಸಹಿಯೊಳಗೇ ಇರಬೇಕು. ಮೊದಲನೆಯದಿದ್ದು ಇದಿಲ್ಲದಿದ್ದರೆ ಫೋನಿನಲ್ಲಿ ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತದೆ, ಸಂದೇಶ ಮಾತ್ರ ಬರುವುದಿಲ್ಲ.

ಟೋಕನ್ ನೋಂದಣಿ ವಿಫಲವಾದರೆ ಐಒಎಸ್ ಕರೆಯುವ ಫಂಕ್ಷನ್ ನಮ್ಮ ಕೋಡಿನಲ್ಲಿ ಖಾಲಿ ಬಿದ್ದಿತ್ತು. ಅದರಲ್ಲಿ ಎರರ್ ಲಾಗ್ ಮಾಡುವ ಒಂದು ಸಾಲು ಸೇರಿಸಿ, ಫೋನನ್ನು ಮ್ಯಾಕ್‌ಗೆ ಜೋಡಿಸಿ ಕನ್ಸೋಲ್ ತೆರೆದೆ. ಎರರ್ 3000: ಸರಿಯಾದ ಎಪಿಎಸ್-ಎನ್ವಿರಾನ್‌ಮೆಂಟ್ ಸಿಗಲಿಲ್ಲ.

ಆ್ಯಪ್ ಕಟ್ಟುವ ಆಪಲ್‌ನ ತಂತ್ರಾಂಶ ಎಕ್ಸ್‌ಕೋಡ್‌ನಲ್ಲಿ ಪುಶ್ ಸೇರಿಸಿದ್ದೆವು, ಆಪಲ್‌ನ ಡೆವಲಪರ್ ಪೋರ್ಟಲಿನ ಆ್ಯಪ್ ಐಡಿಯಲ್ಲೂ ಪುಶ್‌ಗೆ ಟಿಕ್ ಇತ್ತು. ಹಾಗಾಗಿ ಎರಡನ್ನೂ ಬಿಟ್ಟು, ಪರೀಕ್ಷೆಗೆ ಕಳಿಸಿದ ಫೈಲನ್ನೇ ಬಿಚ್ಚಿದೆ. ಐಒಎಸ್ ಆ್ಯಪ್ ಹಂಚುವ ಈ ಐಪಿಎ ಎನ್ನುವುದು ಒಂದು ಜಿಪ್ ಫೈಲ್ ಅಷ್ಟೆ. ಒಳಗೆ ಪೇಲೋಡ್ ಫೋಲ್ಡರ್, ಅದರಲ್ಲಿ ಆ್ಯಪ್, ಆ್ಯಪಿನೊಳಗೆ ಎಂಬೆಡೆಡ್ ಪ್ರೊಫೈಲ್, ಅಂದರೆ ಆ್ಯಪಿಗೆ ಯಾವ ಹಕ್ಕುಗಳಿವೆ, ಅದು ಯಾವ ಫೋನುಗಳಲ್ಲಿ ಓಡಬಹುದು ಎಂದು ಆಪಲ್ ಸಹಿ ಹಾಕಿ ಕೊಡುವ ಫೈಲ್. ಮ್ಯಾಕ್‌ನ ಸೆಕ್ಯುರಿಟಿ ಕಮಾಂಡಿಗೆ ಸಿಎಂಎಸ್ (ಸಹಿ ಹಾಕಿದ ಫೈಲಿನ ಒಂದು ರೂಪ) ಡಿಕೋಡ್ ಮಾಡಲು ಹೇಳಿದರೆ ಆ ಪ್ರೊಫೈಲ್ ಓದಲು ಬರುವ ಪಟ್ಟಿಯಾಗಿ ತೆರೆದುಕೊಳ್ಳುತ್ತದೆ. ಟೀಮ್ ಐಡಿ ಸರಿಯಿತ್ತು. ಆ್ಯಪ್ ಐಡಿಯಲ್ಲಿ ನಕ್ಷತ್ರ ಚಿಹ್ನೆಯೂ ಇರಲಿಲ್ಲ (ನಕ್ಷತ್ರವಿದ್ದರೆ ಅದು ಹಲವು ಆ್ಯಪ್‌ಗಳಿಗೆ ಸಲ್ಲುವ ವೈಲ್ಡ್‌ಕಾರ್ಡ್ ಐಡಿ, ಅದಕ್ಕೆ ಪುಶ್ ಸಿಗುವುದೇ ಇಲ್ಲ, ಇದನ್ನೂ ನೋಡಿಕೊಳ್ಳಿ). ಎಪಿಎಸ್-ಎನ್ವಿರಾನ್‌ಮೆಂಟ್ ಸಾಲು ಮಾತ್ರ ಇರಲಿಲ್ಲ. ಪ್ರೊಫೈಲ್ ಹುಟ್ಟಿದ ದಿನಾಂಕ ನೋಡಿದರೆ, ನಾವು ಪುಶ್‌ಗೆ ಟಿಕ್ ಹಾಕಿದ್ದಕ್ಕಿಂತ ಹಿಂದಿನದು!

ಆ್ಯಪ್ ಐಡಿಗೆ ಹೊಸ ಸಾಮರ್ಥ್ಯ ಸೇರಿಸಿದರೆ ಹಳೆಯ ಪ್ರೊಫೈಲ್‌ಗಳು ಪೋರ್ಟಲಿನಲ್ಲಿ ಇನ್‌ವ್ಯಾಲಿಡ್ ಆಗುತ್ತವೆ, ಆದರೆ ಈಗಾಗಲೇ ಇಳಿಸಿಕೊಂಡ ಪ್ರತಿ ತಾನಾಗಿ ಬದಲಾಗುವುದಿಲ್ಲ. ನನ್ನ ಫೋನಿನ ಡೆವಲಪ್‌ಮೆಂಟ್ ಪ್ರೊಫೈಲನ್ನು ಎಕ್ಸ್‌ಕೋಡ್ ತಾನೇ ಹೊಸದು ಮಾಡಿಕೊಂಡಿತ್ತು. ಆಡ್ ಹಾಕ್ ಪ್ರೊಫೈಲ್ ಮಾತ್ರ ನಾವು ಕೈಯಾರೆ ಬಿಲ್ಡ್ ಯಂತ್ರಕ್ಕೆ ಹಾಕಿದ್ದು, ಹಳೆಯದೇ ಉಳಿದಿತ್ತು. ಸಾಮಾನ್ಯವಾಗಿ ಇಂಥ ಹೊಂದಾಣಿಕೆ ತಪ್ಪಿದರೆ ಎಕ್ಸ್‌ಕೋಡ್ ಬಿಲ್ಡನ್ನೇ ನಿಲ್ಲಿಸುತ್ತದೆ. ನಮ್ಮಲ್ಲಿ ನಿಲ್ಲಲಿಲ್ಲ, ಏಕೆಂದರೆ ನಮ್ಮ ಸ್ಕ್ರಿಪ್ಟ್ ಕೊನೆಯಲ್ಲಿ ಪ್ರೊಫೈಲಿನಲ್ಲಿದ್ದ ಎಂಟೈಟಲ್‌ಮೆಂಟ್‌ಗಳನ್ನೇ ತೆಗೆದುಕೊಂಡು ಆ್ಯಪಿಗೆ ಮತ್ತೆ ಸಹಿ ಹಾಕುತ್ತಿತ್ತು. ಇಲ್ಲದ್ದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಿತ್ತು. ಇದನ್ನು ಪತ್ತೆ ಮಾಡಲು ನನಗೆ ಇನ್ನೂ ಅರ್ಧ ದಿನ ಹಿಡಿಯಿತು.

ಪ್ರೊಫೈಲನ್ನು ಮತ್ತೆ ಜನರೇಟ್ ಮಾಡಿ, ಹಳೆಯದನ್ನು ಅಳಿಸಿದೆ. ಎಕ್ಸ್‌ಕೋಡ್ 16ರಿಂದ ಪ್ರೊಫೈಲ್‌ಗಳು ಕೂರುವ ಫೋಲ್ಡರ್ ಬದಲಾಗಿದೆ, ಹಳೆಯ ಸ್ಕ್ರಿಪ್ಟ್ ಇದ್ದವರು ಎರಡೂ ಜಾಗ ನೋಡಬೇಕು.

ಈಗ ಟೋಕನ್ ಬಂತು, ಆದರೂ ಸಂದೇಶ ಬರಲಿಲ್ಲ. ನಮ್ಮ ಸರ್ವರಿಗೆ 400, ಬ್ಯಾಡ್ ಡಿವೈಸ್ ಟೋಕನ್ ಎಂಬ ಉತ್ತರ. ಕಾರಣ ಬೇಗ ಹೊಳೆಯಿತು. ಆಪಲ್‌ನ ಪುಶ್ ಸೇವೆಗೆ ಎರಡು ಸರ್ವರ್ ವಿಳಾಸಗಳಿವೆ: ಪ್ರಯೋಗಕ್ಕೆ ಸ್ಯಾಂಡ್‌ಬಾಕ್ಸ್, ನಿಜ ಬಳಕೆಗೆ ಪ್ರೊಡಕ್ಷನ್. ಡೆವಲಪ್‌ಮೆಂಟ್ ಬಿಲ್ಡಿನ ಟೋಕನ್ ಸ್ಯಾಂಡ್‌ಬಾಕ್ಸ್ ವಿಳಾಸಕ್ಕೆ ಮಾತ್ರ ಸಲ್ಲುತ್ತದೆ. ಆಡ್ ಹಾಕ್, ಟೆಸ್ಟ್‌ಫ್ಲೈಟ್ (ಆಪಲ್‌ನ ಪರೀಕ್ಷಾ ಹಂಚಿಕೆ), ಆ್ಯಪ್ ಸ್ಟೋರ್ ಮೂರೂ ಪ್ರೊಡಕ್ಷನ್‌ಗೆ ಸೇರಿದವು. ನಮ್ಮ ಸರ್ವರ್ ಎಲ್ಲವನ್ನೂ ಸ್ಯಾಂಡ್‌ಬಾಕ್ಸ್‌ಗೇ ಕಳಿಸುತ್ತಿತ್ತು. ಡೇಟಾಬೇಸಿನಲ್ಲಿ ಪ್ರತಿ ಟೋಕನ್ ಪಕ್ಕ ಅದು ಯಾವ ಕಡೆಯದೆಂಬ ಕಾಲಂ ಸೇರಿಸಿ ಅದರಂತೆ ಕಳಿಸಿದೆವು. ಆರೂ ಫೋನುಗಳು ಸದ್ದು ಮಾಡಿದವು.

ಈಗ ನಮ್ಮ ಬಿಲ್ಡ್ ಸ್ಕ್ರಿಪ್ಟ್ ಐಪಿಎ ತಯಾರಾದ ಮೇಲೆ ತಾನೇ ಅದನ್ನು ಬಿಚ್ಚಿ, ಕೋಡ್‌ಸೈನ್ ಕಮಾಂಡಿನಿಂದ ಸಹಿಯಲ್ಲಿರುವ ಎಂಟೈಟಲ್‌ಮೆಂಟ್ ಓದುತ್ತದೆ. ಅಲ್ಲಿ ಎಪಿಎಸ್-ಎನ್ವಿರಾನ್‌ಮೆಂಟ್ ಎದುರು ಪ್ರೊಡಕ್ಷನ್ ಎಂದು ಇಲ್ಲದಿದ್ದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ.