ಬನಶಂಕರಿ ಜಾತ್ರೆಗೆ ಮೋಟರ್ ಹೋಮ್: ರಾತ್ರಿಯೆಲ್ಲಾ ನಾಟಕ, ಅಲ್ಲೇ ನಿದ್ದೆ

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕ, ಅಂದರೆ ಊರೂರು ತಿರುಗುವ ವೃತ್ತಿ ತಂಡಗಳ ನಾಟಕ, ನೋಡುವವರಿಗೆ ಒಂದೇ ಚಿಂತೆ, ಮಲಗೋದೆಲ್ಲಿ? ಕೊನೇ ಆಟ ಮುಗಿಯುವಾಗ ನಸುಕಾಗಿರುತ್ತದೆ. ಬಾದಾಮಿಯ ಲಾಡ್ಜ್‌ಗಳು ಆಗ ತುಂಬಿ ತುಳುಕುತ್ತಿರುತ್ತವೆ. ರೂಮ್ ಸಿಕ್ಕರೂ ಆ ಹೊತ್ತಿನಲ್ಲಿ ಐದಾರು ಕಿಲೋಮೀಟರ್ ಹೋಗಿ ಗೇಟ್ ಬಡಿದು ಎಬ್ಬಿಸಬೇಕು. ಅದಕ್ಕೇ ಈ ಸಲ ನಾವು ಬೆಳಗಾವಿಯ ಗೆಳೆಯರು ಸೇರಿ ಮೋಟರ್ ಹೋಮ್ ಬಾಡಿಗೆಗೆ ಹಿಡಿದೆವು. ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ವಾಪಸ್.

ಗಾಡಿ ಟೆಂಪೋ ಟ್ರಾವೆಲರ್ ಚಾಸಿ ಮೇಲೆ ಕಟ್ಟಿದ್ದು. ಒಳಗೆ ನಾಲ್ಕು ಬರ್ತ್, ಗ್ಯಾಸ್ ಒಲೆ, ಸಣ್ಣ ಫ್ರಿಜ್, ಒಂದು ಟಾಯ್ಲೆಟ್. ಡ್ರೈವರ್ ಗಾಡಿ ಜೊತೆಗೇ ಬರುತ್ತಾರೆ, ಮುಂದಿನ ಸೀಟು ಮಡಚಿ ಮಲಗುತ್ತಾರೆ. ಬಾಡಿಗೆ ಜಾಸ್ತಿನೇ. ನಾಲ್ಕು ಜನ ಹಂಚಿಕೊಂಡರೆ ಮಾತ್ರ ಲೆಕ್ಕ ಕೂಡುತ್ತದೆ.

ಬೈಲಹೊಂಗಲ, ಸವದತ್ತಿ ದಾರಿ ಹಿಡಿದೆವು. ಕಂಪನಿ ನಾಟಕದ ದೊಡ್ಡ ನಟ ಏಣಗಿ ಬಾಳಪ್ಪನವರ ಊರು ಏಣಗಿ ಸವದತ್ತಿ ಕಡೆಯದೇ. 1914ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಹೆಣ್ಣು ಪಾತ್ರ ಮಾಡಿ, ಆಮೇಲೆ ತಮ್ಮದೇ ಕಂಪನಿ ಕಟ್ಟಿ, ನೂರು ದಾಟಿ ಬದುಕಿದವರು. ನಾಟಕ ನೋಡೋಕೆ ಹೊರಟವರು ಆ ದಾರಿಯಲ್ಲಿ ಅವರ ಮಾತೆತ್ತದೆ ಹೋಗೋದುಂಟೇ? ನಮ್ಮ ಗುಂಪಿನಲ್ಲಿ ಒಬ್ಬನ ಅಜ್ಜ ಕಂಪನಿಯೊಂದರಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದರು. ಅವನ ಕಥೆ ರಾಮದುರ್ಗ ಬಂದರೂ ಮುಗಿದಿರಲಿಲ್ಲ.

ಗಾಡಿ ನಿಲ್ಲಿಸೋದು ದೊಡ್ಡ ಕೆಲಸ. ಜಾತ್ರೆ ಬಯಲಿನೊಳಗೆ ತರಲೇಬಾರದು. ಅಂಗಡಿಗಳಿಗೆ ಎಳೆದ ಕರೆಂಟ್ ವೈರ್, ಬ್ಯಾನರ್ ಎಲ್ಲಾ ಕೆಳಗೆ ಜೋತಾಡುತ್ತಿರುತ್ತವೆ, ಗಾಡಿಯ ತಲೆಗೆ ತಾಗುತ್ತವೆ. ಬೆಳಕಿರುವಾಗಲೇ ಹೋಗಿ, ಚೊಳಚಗುಡ್ಡದ ಹತ್ತಿರ ಒಬ್ಬ ರೈತರನ್ನು ಕೇಳಿ, ಅವರ ಖಾಲಿ ಹೊಲದ ಅಂಚಿನಲ್ಲಿ ನಿಲ್ಲಿಸಿದೆವು. ನೆಲ ಸ್ವಲ್ಪ ಓರೆ ಇತ್ತು. ಚಕ್ರದ ಕೆಳಗೆ ಚಪ್ಪಟೆ ಕಲ್ಲು ಕೊಟ್ಟು, ಟೇಬಲ್ ಮೇಲೆ ನೀರಿನ ಲೋಟ ಇಟ್ಟು ಮಟ್ಟ ನೋಡಿದೆವು. ಇಷ್ಟು ಮಾಡದಿದ್ದರೆ ರಾತ್ರಿಯೆಲ್ಲ ಬರ್ತಿನಿಂದ ಜಾರುತ್ತಲೇ ಇರಬೇಕು. ಏಸಿ ಹಾಕಲಿಲ್ಲ. ಅದಕ್ಕೆ ಹೊರಗಿನ ಕರೆಂಟ್ ಇಲ್ಲವೇ ಜನರೇಟರ್ ಬೇಕು. ಪುಷ್ಯ ಮಾಸದ ಚಳಿಯಲ್ಲಿ ಕಂಬಳಿ ಇದ್ದರೆ ಸಾಕು. ಲೈಟು, ಮೊಬೈಲ್ ಚಾರ್ಜು ಗಾಡಿಯ ಎರಡನೇ ಬ್ಯಾಟರಿಯಲ್ಲೇ ನಡೆಯಿತು. ನೀರು ಮಾತ್ರ ಕೈ ಬಿಗಿಹಿಡಿದು ಬಳಸಬೇಕು. ಸ್ನಾನದ ಆಸೆ ಬಿಡಿ.

ಊಟಕ್ಕೆ ಗ್ಯಾಸ್ ಹಚ್ಚಲೇ ಇಲ್ಲ. ಬನಶಂಕರಿ ಗುಡಿಯ ಹತ್ತಿರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕಾಳು ಪಲ್ಯ, ಕೆಂಪು ಚಟ್ನಿ, ಕುಡಿಕೆ ಮೊಸರು ಹೊತ್ತು ತರುತ್ತಾರೆ. ಗುಡಿಯ ಹೊಂಡದ ಕಡೆ ಕೂತು ತಿಂದೆವು. ಇಂಥ ಕಡೆ ಬಂದು ನೂಡಲ್ಸ್ ಬೇಯಿಸುವವರಿಗೆ ಏನು ಹೇಳೋದು?

ಇನ್ನು ನಾಟಕ. ಬನದ ಹುಣ್ಣಿಮೆಗೆ, ಅಂದರೆ ಪುಷ್ಯ ಮಾಸದ ಹುಣ್ಣಿಮೆಗೆ, ತೇರು ಎಳೆದ ಮೇಲೂ ವಾರಗಟ್ಟಲೆ ಕಂಪನಿಗಳ ಕ್ಯಾಂಪ್ ಇರುತ್ತದೆ. ತಗಡಿನ ಗೋಡೆಯ ಥಿಯೇಟರ್‌ಗಳು ಸಾಲಾಗಿ ನಿಂತಿರುತ್ತವೆ. ದಿನಕ್ಕೆ ಮೂರು ನಾಲ್ಕು ಆಟ. ಕಂಪನಿಗಳಿಗೆ ವರ್ಷದ ದುಡಿಮೆಯ ದೊಡ್ಡ ಪಾಲು ಇಲ್ಲೇ ಆಗಬೇಕು. ಹೊರಗೆ ಮೈಕಿನಲ್ಲಿ 'ಇನ್ನು ಕೆಲವೇ ನಿಮಿಷ' ಅಂತ ಕೂಗುತ್ತಾರೆ. ಅದನ್ನು ನಂಬಿ ಓಡಬೇಡಿ, ಚಹಾ ಕುಡಿದು ಹೋದರೂ ಸಿಗುತ್ತದೆ.

ನನ್ನ ಪ್ರಕಾರ ಸಂಜೆಯ ಆಟ ಬಿಡಬೇಕು. ಮಧ್ಯರಾತ್ರಿಯ ಆಟಕ್ಕೆ ಕೂರಬೇಕು. ಸಂಜೆ ಮನೆಮಂದಿ ಬಂದಿರುತ್ತಾರೆ, ಕಲಾವಿದರು ಬರೆದ ಮಾತನ್ನೇ ಆಡುತ್ತಾರೆ. ರಾತ್ರಿ ಆದಂತೆ ಹಾಸ್ಯಗಾರರ ನಾಲಿಗೆ ಸಡಿಲವಾಗುತ್ತದೆ. ನಾವು ನೋಡಿದ ಆಟದಲ್ಲಿ ಗೌಡನ ಆಳಿನ ಪಾತ್ರದವರು ಪಕ್ಕದ ಥಿಯೇಟರಿನಿಂದ ಜೋರಾಗಿ ಹಾಡು ಕೇಳಿ ಬಂದಾಗ ಸುಮ್ನೆ ನಿಂತುಬಿಟ್ಟರು. ಕಿವಿಗೆ ಕೈ ಇಟ್ಟು, 'ಗೌಡ್ರ, ಆ ಮನ್ಯಾಗ ಮದುವಿ ನಡದೈತಿ, ನಮ್ಮನ್ಯಾಗ ಹೆಣ ಬಿದ್ದೈತಿ, ಅಳೂದಿದ್ರ ಅಲ್ಲೀ ತಾಳಕ್ಕ ಅಳ್ರಿ' ಅಂದರು. ಸತ್ತು ಬಿದ್ದಿದ್ದ ಪಾತ್ರದ ಹೊಟ್ಟೆ ನಗುವಿಗೆ ಕುಣಿಯಿತು. ಜನ ವನ್ಸ್ ಮೋರ್ ಕೂಗಿದರು. ಒಬ್ಬರು ಸ್ಟೇಜಿಗೇ ಹತ್ತಿ ನೂರರ ನೋಟು ಆಯೇರಿ (ಉಡುಗೊರೆ) ಮಾಡಿದರು. ದ್ವಂದ್ವಾರ್ಥದ ಮಾತು ಅತಿಯಾಯಿತು ಅನ್ನುವವರ ಮಾತನ್ನು ನಾನೂ ಅರ್ಧ ಒಪ್ಪುತ್ತೇನೆ. ಆದರೆ ಹೀಗೆ ಸಮಯ ನೋಡಿ ಮಾತು ಹುಟ್ಟಿಸೋದು ಬೇರೇನೇ ವಿದ್ಯೆ. ಅದಕ್ಕೆ ಎಷ್ಟು ನಿದ್ದೆಗೆಟ್ಟರೂ ನಷ್ಟವಿಲ್ಲ.

ಎರಡು ಆಟಗಳ ನಡುವೆ ಗಾಡಿಗೆ ಬಂದು ಕಾಲು ಚಾಚಿದೆವು. ಮೋಟರ್ ಹೋಮಿನ ಬೆಲೆ ತಿಳಿದಿದ್ದು ಆಗಲೇ. ಅಲಾರಾಂ ಇಟ್ಟು ಒಂದು ಗಳಿಗೆ ಕಣ್ಣು ಮುಚ್ಚಿ, ಮತ್ತೆ ಎದ್ದು ಹೋಗೋದು.

ಬೆಳಿಗ್ಗೆ ಕಂಪನಿಯ ಹಿರಿಯ ಕಲಾವಿದೆಯೊಬ್ಬರು ಮುಖದ ಬಣ್ಣ ಅರ್ಧ ಒರೆಸಿಕೊಂಡು ಅತ್ತ ಬಂದರು. ಗಾಡಿಯೊಳಗೆ ಇಣುಕಿ ಒಲೆ ನೋಡಿದರು, ಬರ್ತ್ ಒತ್ತಿ ನೋಡಿದರು. 'ನಾವೂ ಹಿಂಗ ರೀ, ಊರೂರಿಗೆ ಮನಿ ಹೊತಗೊಂಡ ತಿರಗತೀವಿ. ಆದ್ರ ನಮ್ಮ ಮನಿಗೆ ಗಾಲಿ ಇಲ್ಲ, ಪ್ರತೀ ಸಲ ಬಿಚ್ಚಿ ಕಟ್ಟಬೇಕು' ಅಂದರು. ಥಿಯೇಟರಿನ ಹಿಂದೆ ಅವರ ಬಿಡಾರ. ತಗಡು, ತಾಡಪಾಲು, ಒಂದು ಮಂಚ, ಕುಕ್ಕರ್, ಮಗುವಿನ ಸ್ಕೂಲ್ ಬ್ಯಾಗ್. ಅಲ್ಲೇ ಅವರ ಕೈ ಚಹಾ ಕುಡಿದೆವು.

ವಾಪಸಾಗುವ ಮುಂಚೆ ಶಿವಯೋಗ ಮಂದಿರ ನೋಡಿದೆವು, ಬನಶಂಕರಿಯಿಂದ ಹತ್ತಿರವೇ. ಮಲಪ್ರಭಾ ದಂಡೆಯ ಈ ವೀರಶೈವ ಸಂಸ್ಥೆಯನ್ನು 1909ರಲ್ಲಿ ಹಾನಗಲ್ ಕುಮಾರಸ್ವಾಮಿಗಳು ಕಟ್ಟಿದರು. ಅವರ ಶಿಷ್ಯರಾದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಆ ಪರಂಪರೆಯಲ್ಲೇ ನಾಟಕ ಕಂಪನಿಯೂ ನಡೆಯಿತು, ಮಕ್ಕಳ ಅನ್ನಕ್ಕೆ ಟಿಕೆಟ್ ದುಡ್ಡೂ ಆಸರೆಯಾಯಿತು.

ಹೋಗುವವರಿಗೆ ಒಂದು ಮಾತು. ತೇರಿನ ದಿನ ಮತ್ತು ಅದರ ಹಿಂದಿನ ದಿನ ದೊಡ್ಡ ಗಾಡಿ ತರಬೇಡಿ, ಅಲುಗಾಡೋಕೂ ಜಾಗ ಇರಲ್ಲ. ತೇರು ಕಳೆದ ಮೊದಲ ಶನಿವಾರ ಸರಿ. ರೈತರ ಹೊಲದಲ್ಲಿ ಟ್ಯಾಂಕಿನ ಕೊಳಕು ನೀರು ಬಿಡಬೇಡಿ. ನಾವು ಅದನ್ನು ತುಂಬಿಸಿಕೊಂಡೇ ಬೆಳಗಾವಿಗೆ ತಂದೆವು.